ಕಾಣದ ಬೆಳಕು, ಕೈಯಂತ್ರ ಮತ್ತು ಕರೆಂಟಿನ ಲೆಕ್ಕ: ದಾವಣಗೆರೆ ಸೀಮೆಯಲ್ಲಿ ಮೀಟರ್ ಓದಿನ ಚರಿತ್ರೆ

ವಿದ್ಯುತ್ತಿನ ಚರಿತ್ರೆ ಬರೆದವರು ಅಣೆಕಟ್ಟು, ಟರ್ಬೈನು, ಗೋಪುರ, ತಂತಿಗಳ ಬಗ್ಗೆ ಬರೆದಷ್ಟನ್ನು, ಹರಿದುಹೋದ ವಿದ್ಯುತ್ತನ್ನು ಅಳೆದು, ಆ ಅಳತೆಯನ್ನು ಓದಿ, ಅದನ್ನು ಹಣದ ಲೆಕ್ಕವಾಗಿ ಕಾಗದಕ್ಕೆ ಇಳಿಸುವ ಕೆಲಸದ ಬಗ್ಗೆ ಬರೆದಿಲ್ಲ. ಆದರೆ ವಿದ್ಯುತ್ ಸಂಸ್ಥೆಯೊಂದರ ಆದಾಯವೂ, ಊರಿನ ಜನಕ್ಕೂ ಆ ಸಂಸ್ಥೆಗೂ ನಡುವೆ ಇರಬೇಕಾದ ನಂಬಿಕೆಯೂ ನಿಂತಿರುವುದು ಈ ಓದಿನ ಮೇಲೆಯೇ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಕಳೆದ ಎರಡು ಮೂರು ದಶಕಗಳಲ್ಲಿ ಮೂರು ಬಗೆಯ ಓದು ಒಂದರ ಪಕ್ಕದಲ್ಲಿ ಒಂದು ನಡೆದುಬಂದಿದೆ: ದೊಡ್ಡ ಗ್ರಾಹಕರ ಮೀಟರುಗಳಿಂದ ಕಣ್ಣಿಗೆ ಕಾಣದ ಬೆಳಕಿನ ಮೂಲಕ ಅಂಕಿಗಳನ್ನು ಕೈಯಂತ್ರಕ್ಕೆ ಇಳಿಸಿಕೊಳ್ಳುವುದು ಒಂದು, ಮನೆಯ ಮೀಟರನ್ನು ಬರಿಗಣ್ಣಿನಿಂದ ನೋಡಿ ಕೀಲಿಗಳನ್ನು ಒತ್ತಿ ಅಂಕಿ ತುಂಬುವುದು ಇನ್ನೊಂದು, ಮೀಟರೇ ಇಲ್ಲದ ಪಂಪ್‌ಸೆಟ್ಟುಗಳ ಬಳಕೆಯನ್ನು ಅಂದಾಜಿನಿಂದ ಹೇಳುವುದು ಮತ್ತೊಂದು. ಈ ಮೂರರಲ್ಲಿ ಯಾರ ಪಾಲಿಗೆ ಯಾವ ಓದು ಬಂತೆಂಬುದನ್ನು ತೀರ್ಮಾನಿಸಿದ್ದು ಯಂತ್ರದ ಸಾಮರ್ಥ್ಯಕ್ಕಿಂತ ಹೆಚ್ಚಾಗಿ ಹಣ ಮತ್ತು ರಾಜಕಾರಣ ಎಂಬುದು ಈ ಪ್ರಬಂಧದ ವಾದ.

ಈ ನಾಲ್ಕೂ ತಾಲ್ಲೂಕುಗಳು ಹಿಂದಿನ ಮೈಸೂರು ಸಂಸ್ಥಾನಕ್ಕೆ ಸೇರಿದ ಭೂಭಾಗವಾದರೂ ಮೊದಲು ಒಂದೇ ಜಿಲ್ಲೆಯವಾಗಿರಲಿಲ್ಲ. ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗಕ್ಕೂ, ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. 1997ರ ಆಗಸ್ಟ್ 15ರಂದು ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ಅವು ಒಂದೇ ಆಡಳಿತದ ಕೆಳಗೆ ಬಂದವು, ಮತ್ತು ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ 2018ರಲ್ಲಿ ತಾಲ್ಲೂಕು ಕೇಂದ್ರವಾಯಿತು. ನೆಲದ ಗುಣದಲ್ಲಿಯೂ ಇವು ಒಂದೇ ಅಲ್ಲ. ಚನ್ನಗಿರಿಯಲ್ಲಿ ಭದ್ರಾ ನಾಲೆಯ ನೀರು, ಸೂಳೆಕೆರೆಯ ನೀರು, ಅದು ಸಾಲದಾದಲ್ಲಿ ಕೊಳವೆಬಾವಿಯ ನೀರು ಅಡಿಕೆ ತೋಟಗಳನ್ನು ಹಬ್ಬಿಸಿವೆ. ಹೊನ್ನಾಳಿ ಮತ್ತು ನ್ಯಾಮತಿಯ ಕಡೆ ತುಂಗಭದ್ರೆಯ ದಂಡೆಯುದ್ದಕ್ಕೂ ಭತ್ತ, ಒಳಭಾಗದಲ್ಲಿ ಮೆಕ್ಕೆಜೋಳ. ಜಗಳೂರು ಮಾತ್ರ ಬರದ ಸೀಮೆ, ಅಲ್ಲಿಯ ರೈತನ ಪಾಲಿಗೆ ಬೆಳೆ ಎಂದರೆ ಬಹುಕಾಲ ಮಳೆ ಅಥವಾ ಬೋರು, ಈ ಎರಡರಲ್ಲಿ ಒಂದು. ವಿದ್ಯುತ್ತಿನ ಲೆಕ್ಕದ ಚರಿತ್ರೆ ಈ ನೀರಿನ ಚರಿತ್ರೆಯ ಜೊತೆಗೇ ಸಾಗಿರುವುದರಿಂದ ಇಷ್ಟನ್ನು ಮೊದಲೇ ಹೇಳಬೇಕಾಯಿತು.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ ಹರಿದಿದ್ದರೂ, ರಾಜ್ಯದ ಈ ಮಧ್ಯಭಾಗದ ಹಳ್ಳಿಗಳಿಗೆ ಬೆಳಕು ಬರಲು ಜೋಗದ ಕೇಂದ್ರ 1948ರಲ್ಲಿಯೂ ಶರಾವತಿಯ ದೊಡ್ಡ ಕೇಂದ್ರ 1960ರ ದಶಕದಲ್ಲಿಯೂ ಕೆಲಸ ಆರಂಭಿಸುವವರೆಗೆ, ಅದಾದ ಮೇಲೂ ಗ್ರಾಮೀಣ ವಿದ್ಯುದೀಕರಣದ ಸಾಲ ಮತ್ತು ಯೋಜನೆಗಳು ಒಂದೊಂದಾಗಿ ಹೋಬಳಿಗಳನ್ನು ಮುಟ್ಟುವವರೆಗೆ ಕಾಯಬೇಕಾಯಿತು. ಸರ್ಕಾರದ ಇಲಾಖೆಯ ಕೈಯಲ್ಲಿದ್ದ ವಿತರಣೆ 1957ರ ಅಕ್ಟೋಬರಿನಲ್ಲಿ ಮೈಸೂರು ರಾಜ್ಯ ವಿದ್ಯುತ್ ಮಂಡಳಿಗೆ ಹೋಯಿತು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಾದ ಮೇಲೆ ಅದು ಕರ್ನಾಟಕ ವಿದ್ಯುತ್ ಮಂಡಳಿ, ಅಂದರೆ ಜನರ ಬಾಯಲ್ಲಿ ‘ಕೆಇಬಿ’ ಆಯಿತು. ಮಂಡಳಿ ಇಲ್ಲವಾಗಿ ಕಾಲು ಶತಮಾನ ಕಳೆದ ಮೇಲೂ ಹೊನ್ನಾಳಿಯಲ್ಲಿಯೋ ಜಗಳೂರಿನಲ್ಲಿಯೋ ಬಿಲ್ಲು ಕಟ್ಟಲು ಹೋಗುವವರು ಕೆಇಬಿ ಆಫೀಸಿಗೆ ಹೋಗುತ್ತೇವೆಂದೇ ಹೇಳುತ್ತಾರೆ.

ಮಂಡಳಿಯ ಕಾಲದ ಮನೆ ಮೀಟರು ಯಾಂತ್ರಿಕವಾದದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಟಲಿಯ ಗೆಲಿಲಿಯೊ ಫೆರಾರಿಸ್ ತಿರುಗುವ ಕಾಂತಕ್ಷೇತ್ರದ ಬಗ್ಗೆ ಕಂಡುಕೊಂಡ ತತ್ವವನ್ನು ಹಂಗೇರಿಯ ಓಟ್ಟೊ ಬ್ಲಾಥಿ 1889ರಲ್ಲಿ ಅಳತೆಯ ಸಾಧನವಾಗಿ ರೂಪಿಸಿದ್ದನು. ಎರಡು ಸುರುಳಿಗಳ ನಡುವೆ ಇರುವ ಅಲ್ಯೂಮಿನಿಯಂ ಬಿಲ್ಲೆ, ಮನೆಯೊಳಗೆ ವಿದ್ಯುತ್ ಬಳಕೆಯಾದಷ್ಟೂ ವೇಗವಾಗಿ ತಿರುಗಿ, ಹಲ್ಲುಗಾಲಿಗಳ ಮೂಲಕ ಅಂಕಿಗಳ ಉರುಳೆಗಳನ್ನು ಮುಂದಕ್ಕೆ ತಳ್ಳುತ್ತದೆ. ಒಂದು ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಆಗುವ ಬಳಕೆಯೇ ಒಂದು ಯೂನಿಟ್ಟು. ಮೀಟರ್ ರೀಡರನು ತಿಂಗಳಿಗೊಮ್ಮೆ ಬಂದು, ಗಾಜಿನ ಹಿಂದಿನ ಅಂಕಿಯನ್ನು ಓದಿ, ಪುಸ್ತಕದಲ್ಲಿ ಬರೆದುಕೊಂಡು ಹೋದರೆ, ಕಚೇರಿಯಲ್ಲಿ ಗುಮಾಸ್ತರು ಈ ತಿಂಗಳ ಅಂಕಿಯಿಂದ ಹಿಂದಿನ ತಿಂಗಳದ್ದನ್ನು ಕಳೆದು, ಮೊದಲ ಇಷ್ಟು ಯೂನಿಟ್ಟಿಗೆ ಒಂದು ದರ, ಅದರ ಮೇಲಿನದಕ್ಕೆ ಇನ್ನೊಂದು ದರ ಎಂಬ ಹಂತಗಳ ಪ್ರಕಾರ ಗುಣಿಸಿ, ನಿಗದಿತ ಶುಲ್ಕವನ್ನೂ ತೆರಿಗೆಯನ್ನೂ ಕೂಡಿಸಿ, ಲೆಡ್ಜರಿಗೆ ಏರಿಸಿ ಬಿಲ್ಲು ಬರೆಯುತ್ತಿದ್ದರು. ಪ್ರತಿ ಸಂಪರ್ಕಕ್ಕೂ ಕಂದಾಯದ ರಿಜಿಸ್ಟರಿನಲ್ಲಿ ಒಂದು ಕ್ರಮಸಂಖ್ಯೆ ಇತ್ತು; ಅದೇ ಇಂದಿಗೂ ಬಿಲ್ಲಿನ ಮೇಲೆ ಕಾಣುವ, ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಎಲ್ಲರೂ ಕೇಳುವ ಆರ್.ಆರ್. ನಂಬರು.

ಈ ವ್ಯವಸ್ಥೆಯಲ್ಲಿ ಅಂಕಿಯೊಂದು ಮೀಟರಿನಿಂದ ಬಿಲ್ಲಿಗೆ ತಲುಪುವ ಮುಂಚೆ ಕಡಿಮೆಯೆಂದರೆ ಮೂರು ಬಾರಿ ಮನುಷ್ಯನ ಕಣ್ಣನ್ನೂ ಕೈಯನ್ನೂ ದಾಟಬೇಕಾಗಿತ್ತು. ಮೀಟರು ಮಬ್ಬು ಗೋಡೆಯ ಮೇಲೆ, ಅಟ್ಟದ ಪಕ್ಕದಲ್ಲಿ, ಕೆಲವೊಮ್ಮೆ ಕೊಟ್ಟಿಗೆಯ ಬಾಗಿಲಿನ ಮೇಲೆ ಇರುತ್ತಿತ್ತು. ಬಾಗಿಲು ಹಾಕಿದ್ದರೆ ಹಿಂದಿನ ತಿಂಗಳುಗಳ ಸರಾಸರಿಯೇ ಗತಿ. ಮೂರು ಎಂಟಾಗುವುದಕ್ಕೂ ಒಂದು ಏಳಾಗುವುದಕ್ಕೂ ಹೆಚ್ಚು ಹೊತ್ತು ಬೇಕಾಗಿರಲಿಲ್ಲ. ಬಿಲ್ಲು ಹೆಚ್ಚು ಬಂದಿದೆ ಎಂಬ ದೂರು ಪ್ರತಿ ಊರಿನಲ್ಲಿಯೂ ಇತ್ತು, ಆದರೆ ಆ ದೂರನ್ನು ಪರೀಕ್ಷಿಸಲು ರೀಡರನ ಪುಸ್ತಕದ ಹೊರತು ಬೇರೆ ಸಾಕ್ಷ್ಯವಿರಲಿಲ್ಲ. ಪುಸ್ತಕದ ಅಂಕಿಗೆ ಪುಸ್ತಕವೇ ಸಾಕ್ಷಿಯಾಗಿದ್ದ ಆ ಕಾಲದ ಕಷ್ಟವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಾತ್ರ, ಮುಂದೆ ಬಂದ ಕೈಯಂತ್ರ ಮತ್ತು ಅದರ ಕಾಣದ ಬೆಳಕಿನ ಬೆಲೆ ತಿಳಿಯುತ್ತದೆ.

ಆ ಬೆಳಕಿನ ಹುಟ್ಟು ಬೇರೊಂದು ಖಂಡದಲ್ಲಿ, ಬೇರೊಂದು ಉದ್ದೇಶಕ್ಕಾಗಿ ನಡೆದ ಕೆಲಸದಲ್ಲಿದೆ. ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದಲ್ಲಿ, ಅಂದರೆ ಲೋಹದಷ್ಟು ಸರಾಗವಾಗಿ ವಿದ್ಯುತ್ ಹರಿಸದ, ಗಾಜಿನಷ್ಟು ತಡೆಯಲೂ ತಡೆಯದ ವಸ್ತುವಿನಲ್ಲಿ, ವಿದ್ಯುತ್ ಹರಿದಾಗ ಕಣ್ಣಿಗೆ ಕಾಣದ ಕಿರಣ ಹೊಮ್ಮುವುದನ್ನು ರೂಬಿನ್ ಬ್ರೌನ್‌ಸ್ಟೈನ್ 1955ರಲ್ಲಿ ವರದಿ ಮಾಡಿದ್ದರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಜೇಮ್ಸ್ ಬಿಯಾರ್ಡ್ ಮತ್ತು ಗ್ಯಾರಿ ಪಿಟ್‌ಮನ್ 1961ರಲ್ಲಿ ಇನ್ನೊಂದು ಬಗೆಯ ಡಯೋಡನ್ನು ತಯಾರಿಸಲು ಹೊರಟು ಇದೇ ಕಿರಣವನ್ನು ಬಲವಾಗಿ ಕಂಡರು, ಮರುವರ್ಷ ಅದಕ್ಕೆ ಪೇಟೆಂಟ್ ಅರ್ಜಿ ಹಾಕಿದರು, ಮತ್ತು 1962ರ ಅಕ್ಟೋಬರಿನಲ್ಲಿ ಆ ಸಂಸ್ಥೆ ಸುಮಾರು 890 ನ್ಯಾನೋಮೀಟರ್ ತರಂಗಾಂತರದ ಡಯೋಡನ್ನು ಮಾರಾಟಕ್ಕೆ ಇಟ್ಟಿತು. ಕೆಂಪು ಬೆಳಕು ಕೊಡುವ ಡಯೋಡನ್ನು ನಿಕ್ ಹೊಲೊನ್ಯಾಕ್ ಮಾಡಿ ತೋರಿಸಿದ್ದೂ ಅದೇ ವರ್ಷ. ಹಾಗಾಗಿ ಎಲ್‌ಇಡಿ ಎಂದು ಇಂದು ಮನೆಮನೆಯಲ್ಲಿ ಕರೆಯುವ ವಸ್ತು ಮೊದಲು ಅಂಗಡಿಗೆ ಬಂದದ್ದು ಕಾಣುವ ಬೆಳಕಾಗಿ ಅಲ್ಲ.

ತರಂಗಾಂತರ ಎಂದರೆ ಬೆಳಕಿನ ಒಂದು ಅಲೆಯ ಶಿಖರದಿಂದ ಮುಂದಿನ ಶಿಖರದವರೆಗಿನ ದೂರ. ನ್ಯಾನೋಮೀಟರ್ ಎಂದರೆ ಒಂದು ಮೀಟರಿನ ನೂರು ಕೋಟಿ ಭಾಗಗಳಲ್ಲಿ ಒಂದು. ಮನುಷ್ಯನ ಕಣ್ಣು ನೇರಳೆಯ ಕಡೆ ಸುಮಾರು 400ರಿಂದ ಕೆಂಪಿನ ಕಡೆ ಸುಮಾರು 700 ನ್ಯಾನೋಮೀಟರಿನವರೆಗೆ ಕಾಣುತ್ತದೆ, ಅದರಾಚೆಗಿನದು ಅವಗೆಂಪು. ಡಯೋಡಿನಿಂದ ಯಾವ ತರಂಗಾಂತರದ ಬೆಳಕು ಬರಬೇಕೆಂಬುದನ್ನು ತೀರ್ಮಾನಿಸುವುದು ಅದರ ಹರಳು: ಹರಳಿನೊಳಗೆ ಎಲೆಕ್ಟ್ರಾನು ಮೇಲಿನ ಶಕ್ತಿಮಟ್ಟದಿಂದ ಕೆಳಗಿನದಕ್ಕೆ ಇಳಿಯುವಾಗ ಬಿಡುವ ಶಕ್ತಿಯನ್ನು ಎಲೆಕ್ಟ್ರಾನ್‌ವೋಲ್ಟ್ ಎಂಬ ಮಾನದಲ್ಲಿ ಅಳೆದು, 1240ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ತರಂಗಾಂತರ ನ್ಯಾನೋಮೀಟರಿನಲ್ಲಿ ಸಿಗುತ್ತದೆ. ಶುದ್ಧ ಗ್ಯಾಲಿಯಂ ಆರ್ಸೆನೈಡಿನಲ್ಲಿ ಈ ಅಂತರ 1.42, ಆದ್ದರಿಂದ ತರಂಗಾಂತರ 870ರ ಆಸುಪಾಸು. ಅದಕ್ಕೆ ಸಿಲಿಕಾನನ್ನು ಬೆರೆಸಿದರೆ 940ರ ಹತ್ತಿರಕ್ಕೆ ಜಾರುತ್ತದೆ, ಅಲ್ಯೂಮಿನಿಯಂ ಸೇರಿಸಿದರೆ 850ರ ಕಡೆಗೆ ಬರುತ್ತದೆ. ಇತ್ತ ಬೆಳಕನ್ನು ಹಿಡಿಯುವ ಸಿಲಿಕಾನ್ ಗ್ರಾಹಕ ಅತ್ಯಂತ ಚುರುಕಾಗಿರುವುದೂ 850ರಿಂದ 950ರ ನಡುವೆಯೇ. ಕೊಡುವ ಹರಳು ಮತ್ತು ಪಡೆಯುವ ಹರಳು ಹೀಗೆ ಒಂದೇ ಕಿರಿದಾದ ಪಟ್ಟಿಯಲ್ಲಿ ಸೇರಿದ್ದರಿಂದಲೇ ಅವಗೆಂಪು ಸಂಪರ್ಕ ಅಗ್ಗವಾಯಿತು. 940ಕ್ಕೆ ಇನ್ನೊಂದು ಅನುಕೂಲವೂ ಇದೆ: ಸೂರ್ಯನ ಬೆಳಕಿನಲ್ಲಿರುವ ಆ ಭಾಗವನ್ನು ವಾತಾವರಣದ ನೀರಾವಿ ಬಹಳಷ್ಟು ಹೀರಿಕೊಳ್ಳುವುದರಿಂದ, ಹಗಲಿನಲ್ಲಿ ಬಿಸಿಲಿನ ಅಡ್ಡಿ ಕಡಿಮೆ, ಟಿವಿಯ ರಿಮೋಟುಗಳು ಹೆಚ್ಚಾಗಿ ಅಲ್ಲಿ ನೆಲೆನಿಂತದ್ದಕ್ಕೆ ಇದೂ ಒಂದು ಕಾರಣ.

ಕೈಯಲ್ಲಿ ಹಿಡಿಯುವ ಕ್ಯಾಲ್ಕುಲೇಟರಿನ ಜೊತೆ ಎಲ್‌ಇಡಿಯ ಸಂಬಂಧ ಮೊದಲು ಬೆಳೆದದ್ದು ಮುಖಫಲಕದ ಮೇಲೆ. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆ 1972ರಲ್ಲಿ 395 ಡಾಲರಿಗೆ ಮಾರಿದ ಎಚ್‌ಪಿ-35 ಎಂಬ ಯಂತ್ರದಲ್ಲಿ ಅಂಕಿಗಳು ಕೆಂಪು ಡಯೋಡುಗಳಿಂದ ಹೊಳೆಯುತ್ತಿದ್ದವು. ಆ ಕಾಲದ ಸಾಮಾನ್ಯ ಕೆಂಪು ಡಯೋಡಿನ ತರಂಗಾಂತರ 655 ನ್ಯಾನೋಮೀಟರಿನ ಆಸುಪಾಸು. ಆ ಹೊಳಪು ಬ್ಯಾಟರಿಯನ್ನು ಬೇಗ ಬರಿದುಮಾಡುತ್ತಿತ್ತು, ಆದ್ದರಿಂದ ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ದ್ರವಸ್ಫಟಿಕದ ಬೂದು ಫಲಕ ಬಂದು ಡಯೋಡನ್ನು ಕ್ಯಾಲ್ಕುಲೇಟರಿನಿಂದ ಹೊರಗಟ್ಟಿತು. ಆದರೆ 1986ರಲ್ಲಿ ಅದೇ ಸಂಸ್ಥೆಯ ಎಚ್‌ಪಿ-18ಸಿ ಎಂಬ ವ್ಯಾಪಾರದ ಕ್ಯಾಲ್ಕುಲೇಟರಿನೊಂದಿಗೆ ಡಯೋಡು ಮರಳಿ ಬಂತು, ಈ ಬಾರಿ ಕಾಣದ ರೂಪದಲ್ಲಿ, ಯಂತ್ರದ ನೆತ್ತಿಯ ಮೇಲಿನ ಸಣ್ಣ ಕಿಂಡಿಯೊಳಗೆ: ಅರ್ಧ ಮೀಟರಿಗೂ ಒಳಗಿನ ದೂರದಲ್ಲಿಟ್ಟ ಪುಟ್ಟ ಪ್ರಿಂಟರಿಗೆ ಅದು ತಂತಿಯಿಲ್ಲದೆ ಅಂಕಿಗಳನ್ನು ಕಳುಹಿಸುತ್ತಿತ್ತು, ಪ್ರಿಂಟರು ಅವನ್ನು ಶಾಖಕ್ಕೆ ಕಪ್ಪಾಗುವ ಕಾಗದದ ಮೇಲೆ ಸಾಲಿಗೆ 24 ಅಕ್ಷರಗಳಂತೆ ಮುದ್ರಿಸುತ್ತಿತ್ತು.

ಈ ಪುಟ್ಟ ಏರ್ಪಾಟಿನ ಒಳಗಿನ ವಿವೇಕವನ್ನು ಗಮನಿಸಬೇಕು. ಬೆಳಕು ಕ್ಯಾಲ್ಕುಲೇಟರಿನಿಂದ ಪ್ರಿಂಟರಿಗೆ ಮಾತ್ರ ಹೋಗುತ್ತಿತ್ತು, ಪ್ರಿಂಟರಿನಿಂದ ಮರುಮಾತು ಬರುವ ದಾರಿ ಇರಲಿಲ್ಲ. ಹಾಗಾಗಿ ತಪ್ಪಿಹೋದ ಅಕ್ಷರವನ್ನು ಮತ್ತೆ ಕಳಿಸೆಂದು ಕೇಳುವಂತಿಲ್ಲ. ಅದಕ್ಕೆಂದೇ ಎಂಟು ಬಿಟ್‌ಗಳ ಪ್ರತಿ ಅಕ್ಷರದ ಜೊತೆಗೂ ನಾಲ್ಕು ಹೆಚ್ಚುವರಿ ಬಿಟ್‌ಗಳನ್ನು ಕಳುಹಿಸಿ, ಕೊಂಚ ಕೆಟ್ಟು ಬಂದ ಅಕ್ಷರವನ್ನು ಪ್ರಿಂಟರು ತಾನೇ ತಿದ್ದಿಕೊಳ್ಳುವ ಗಣಿತವನ್ನು ಅಳವಡಿಸಲಾಗಿತ್ತು. ಗಡಿಯಾರದ ಹರಳಿನಿಂದ ಸಿಗುವ ಸೆಕೆಂಡಿಗೆ 32,768 ಮಿಡಿತಗಳ ಲಯದಲ್ಲಿ ಡಯೋಡು ಸಣ್ಣ ಸಣ್ಣ ಗುಂಪುಗಳಾಗಿ ಮಿನುಗುತ್ತಿದ್ದುದರಿಂದ, ಮಾಮೂಲಿ ಶೆಲ್ಲುಗಳ ಶಕ್ತಿಯೂ ಅದಕ್ಕೆ ಸಾಕಾಗುತ್ತಿತ್ತು. 1990ರ ಎಚ್‌ಪಿ-48ಎಸ್‌ಎಕ್ಸ್ ಎರಡು ಕಡೆಯ ಮಾತನ್ನೂ ಸಾಧ್ಯವಾಗಿಸಿತು, ಒಂದು ಕ್ಯಾಲ್ಕುಲೇಟರಿನಿಂದ ಇನ್ನೊಂದಕ್ಕೆ ಸೂತ್ರಗಳನ್ನೇ ಕಳುಹಿಸಬಹುದಾಯಿತು, ಮತ್ತು ಪರೀಕ್ಷಾ ಕೊಠಡಿಗಳ ಮೇಲ್ವಿಚಾರಕರಿಗೆ ಹೊಸ ಆತಂಕ ಹುಟ್ಟಿತು. ಈ ಅನುಭವದಿಂದ ಬೆಳೆದ ವಿಧಾನವೇ 1993ರಲ್ಲಿ ಹುಟ್ಟಿದ ಇರ್ಡಾ ಎಂಬ ಕಂಪನಿಗಳ ಒಕ್ಕೂಟ ರೂಪಿಸಿದ ಮಾನಕಕ್ಕೆ ತಳಹದಿಯಾಯಿತು. ಅದರಲ್ಲಿ ತರಂಗಾಂತರ 850ರಿಂದ 900 ನ್ಯಾನೋಮೀಟರ್, ದೂರ ಒಂದು ಮೀಟರ್, ಆರಂಭದ ವೇಗ ಸೆಕೆಂಡಿಗೆ ಗರಿಷ್ಠ 1,15,200 ಬಿಟ್.

ಚನ್ನಗಿರಿಯ ಅಡಿಕೆ ಮಂಡಿಗೋ ಹೊನ್ನಾಳಿಯ ಅಕ್ಕಿ ಗಿರಣಿಗೋ ಬಂದ ಕ್ಯಾಲ್ಕುಲೇಟರು ಇಂಥದ್ದಲ್ಲ, ಅಗ್ಗದ, ಕೂಡಿ ಕಳೆದು ಗುಣಿಸುವ, ದೊಡ್ಡ ಗುಂಡಿಗಳ ಸಾದಾ ಯಂತ್ರ. ಕ್ವಿಂಟಾಲಿನ ದರ, ಚೀಲದ ತೂಕ, ಹಮಾಲಿ, ದಲಾಲಿಗಳನ್ನು ಬಾಯಿಲೆಕ್ಕದಲ್ಲಿಯೇ ಮುಗಿಸುತ್ತಿದ್ದ ಹಳೆಯ ಗುಮಾಸ್ತರ ಕೌಶಲವನ್ನು ಅದು ನಿಧಾನವಾಗಿ ಹಿಂದಕ್ಕೆ ಸರಿಸಿತು, ವಿದ್ಯುತ್ ಮಂಡಳಿಯ ಕಚೇರಿಯಲ್ಲಿ ಲೆಡ್ಜರಿನ ಪಕ್ಕಕ್ಕೂ ಬಂದು ಕೂತಿತು. ಅವಗೆಂಪಿನ ಕಿಂಡಿಯುಳ್ಳ ಕೈಯಂತ್ರ ಈ ಸೀಮೆಗೆ ಬಂದದ್ದು ಬೇರೆ ದಾರಿಯಲ್ಲಿ, ವಿದ್ಯುತ್ ಮೀಟರಿನ ಬೆನ್ನು ಹಿಡಿದು.

ಮೀಟರಿನ ಕಡೆಯ ಕಥೆ ಹೀಗಿದೆ. ಎಂಬತ್ತರ ದಶಕದಲ್ಲಿ ಬ್ರಿಟನ್ನಿನ ಫೆರಾಂಟಿ ಮತ್ತು ಸ್ವಿಟ್ಜರ್ಲೆಂಡಿನ ಲ್ಯಾಂಡಿಸ್ ಅಂಡ್ ಗಿಯರ್ ಎಂಬ ಮೀಟರ್ ತಯಾರಕರು, ಮೀಟರಿನ ಮುಖವನ್ನು ಬಿಚ್ಚದೆ, ಸೀಲು ಒಡೆಯದೆ, ಒಳಗಿನ ದಾಖಲೆಯನ್ನು ಹೊರತೆಗೆಯುವ ಬೆಳಕಿನ ಕಿಂಡಿಯೊಂದನ್ನು ರೂಪಿಸಿದರು. ಅದು ಮುಂದೆ ಅಂತಾರಾಷ್ಟ್ರೀಯ ವಿದ್ಯುತ್ ತಂತ್ರಜ್ಞಾನ ಆಯೋಗದ ಮಾನಕವಾಯಿತು. ಆ ಮಾನಕದ ಪ್ರಕಾರ ತರಂಗಾಂತರ 900ರಿಂದ 1,000 ನ್ಯಾನೋಮೀಟರಿನ ಒಳಗಿರಬೇಕು. ಇಲ್ಲಿ ಕ್ಯಾಲ್ಕುಲೇಟರಿನಂತೆ ದೂರದಿಂದ ಬೆಳಕು ಬೀರುವ ಕ್ರಮವಿಲ್ಲ: ಅಯಸ್ಕಾಂತವಿರುವ ದುಂಡನೆಯ ತಲೆಯೊಂದನ್ನು ಮೀಟರಿನ ಮುಖಕ್ಕೆ ಅಂಟಿಸಲಾಗುತ್ತದೆ, ಬೆಳಕು ದಾಟುವ ದೂರ ಒಂದು ಸೆಂಟಿಮೀಟರಿನಷ್ಟು ಮಾತ್ರ. ಹೊರಗಿನ ಬಿಸಿಲು ಒಳಗೆ ನುಗ್ಗಬಾರದು, ಒಂದೇ ಫಲಕದ ಮೇಲೆ ಸಾಲಾಗಿ ಕೂತ ಮೀಟರುಗಳ ಅಂಕಿಗಳು ಒಂದರೊಳಗೊಂದು ಬೆರೆಯಬಾರದು ಎಂಬುದೇ ಈ ಅಂಟುವಿಕೆಯ ಉದ್ದೇಶ. ಕೈಯಂತ್ರ ಮೊದಲು ಸೆಕೆಂಡಿಗೆ 300 ಬಿಟ್‌ಗಳ ನಿಧಾನದ ವೇಗದಲ್ಲಿ ಮೀಟರನ್ನು ಮಾತಾಡಿಸುತ್ತದೆ, ಮೀಟರು ತನ್ನ ತಯಾರಕರ ಮೂರಕ್ಷರದ ಗುರುತನ್ನೂ ತಾನು ತಾಳಬಲ್ಲ ಗರಿಷ್ಠ ವೇಗವನ್ನೂ ಹೇಳುತ್ತದೆ, ಆಮೇಲೆ ಎರಡೂ ಆ ವೇಗಕ್ಕೆ ಏರಿ ಮುಂದುವರಿಯುತ್ತವೆ. ಅಕ್ಕಿ ಗಿರಣಿಯ ಅಥವಾ ಕಾರ್ಖಾನೆಯ ಮೀಟರಾದರೆ, ಒಟ್ಟು ಯೂನಿಟ್ಟಿನ ಜೊತೆಗೆ ತಿಂಗಳಿನಲ್ಲಿ ಒಮ್ಮೆ ಮುಟ್ಟಿದ ಗರಿಷ್ಠ ಬೇಡಿಕೆ, 15 ಅಥವಾ 30 ನಿಮಿಷಕ್ಕೊಮ್ಮೆ ದಾಖಲಾದ ಹೊರೆ, ಯಾವ ದಿನ ಯಾವ ಗಂಟೆಗೆ ಒಂದು ಫೇಸ್ ತಪ್ಪಿತು, ಯಾವಾಗ ಅಯಸ್ಕಾಂತ ಹತ್ತಿರ ತಂದು ಮೀಟರನ್ನು ಕೆಡಿಸುವ ಪ್ರಯತ್ನವಾಯಿತು, ಇವೆಲ್ಲವೂ ಆ ಬೆಳಕಿನಲ್ಲಿ ಇಳಿದುಬರುತ್ತವೆ.

ಹೀಗೆ ಇಳಿಸಿಕೊಳ್ಳುವ ಕೈಯಂತ್ರವನ್ನು ಭಾರತದ ವಿದ್ಯುತ್ ಸಂಸ್ಥೆಗಳ ಎಂಜಿನಿಯರುಗಳು ‘ಸಿಎಂಆರ್‌ಐ’ ಎಂದು ಕರೆಯುತ್ತಾರೆ: ಹಲವು ತಯಾರಕರ ಮೀಟರುಗಳನ್ನು ಓದಬಲ್ಲ, ಎಲ್ಲಕ್ಕೂ ಸಾಮಾನ್ಯವಾದ ಓದುಯಂತ್ರ ಎಂಬರ್ಥದಲ್ಲಿ. ನೋಡಲು ಅದು ಉದ್ದನೆಯ ಕ್ಯಾಲ್ಕುಲೇಟರೇ. ಗುಂಡಿಗಳ ಸಾಲು, ಮೇಲೆ ಕಿರಿದಾದ ಫಲಕ, ಕೆಳಗೆ ಬೆಳಕಿನ ತಲೆಗೆ ಹೋಗುವ ಒಂದು ತಂತಿ. ಆದರೆ ಸಾಮಾನ್ಯತೆ ಹೆಸರಿನಲ್ಲಿದ್ದಷ್ಟು ಕೆಲಸದಲ್ಲಿ ಇರಲಿಲ್ಲ. ಕಿಂಡಿ ಒಂದೇ ಬಗೆಯದಾದರೂ ಒಳಗಿನ ಅಂಕಿಗಳನ್ನು ಜೋಡಿಸುವ ರೀತಿ ತಯಾರಕನಿಂದ ತಯಾರಕನಿಗೆ ಬೇರೆಯಾಗಿತ್ತು, ಪ್ರತಿಯೊಂದು ಬಗೆಯ ಮೀಟರಿಗೂ ಬೇರೆ ಬೇರೆ ತಂತ್ರಾಂಶ ತುಂಬಿಸಬೇಕಾಗಿತ್ತು. ದೇಶಕ್ಕೆಲ್ಲ ಒಂದೇ ವ್ಯಾಕರಣವನ್ನು ಹೇಳುವ ಐಎಸ್ 15959 ಎಂಬ ಭಾರತೀಯ ಮಾನಕ ಬಂದದ್ದು 2011ರಲ್ಲಿ. ತರಂಗಾಂತರದ ಒಪ್ಪಂದ ಅಂಕಿಗಳ ಭಾಷೆಯ ಒಪ್ಪಂದಕ್ಕಿಂತ ಎಷ್ಟೋ ವರ್ಷ ಮುಂಚೆಯೇ ಆಗಿತ್ತೆಂಬುದು ಈ ಚರಿತ್ರೆಯಲ್ಲಿ ಮರೆಯಬಾರದ ಸಂಗತಿ.

ರಾಜ್ಯದಲ್ಲಿ ಈ ಯಂತ್ರಗಳಿಗೆ ಬಾಗಿಲು ತೆರೆದದ್ದು ಆಡಳಿತದ ಒಂದು ದೊಡ್ಡ ತಿರುವು, ಮತ್ತು ಆ ತಿರುವಿಗೆ ಚನ್ನಗಿರಿಯ ನಂಟಿದೆ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1996ರಿಂದ 1999ರವರೆಗೆ ಮುಖ್ಯಮಂತ್ರಿಯಾಗಿದ್ದಾಗ, ದಾವಣಗೆರೆ ಜಿಲ್ಲೆಯ ರಚನೆಯಷ್ಟೇ ಅಲ್ಲದೆ, ಕರ್ನಾಟಕ ವಿದ್ಯುತ್ ಸುಧಾರಣಾ ಕಾಯ್ದೆಯೂ ಜಾರಿಗೆ ಬಂತು. 1999ರ ಆಗಸ್ಟ್ 1ರಂದು ಮಂಡಳಿಯ ಜಾಗದಲ್ಲಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ ಕೆಲಸ ಆರಂಭಿಸಿತು, ದರವನ್ನು ನಿಗದಿಪಡಿಸುವ ಅಧಿಕಾರ ಹೊಸದಾಗಿ ಹುಟ್ಟಿದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಹೋಯಿತು, ಮತ್ತು 2002ರ ಜೂನ್ 1ರಂದು ವಿತರಣೆ ಪ್ರಾದೇಶಿಕ ಕಂಪನಿಗಳಿಗೆ ಹಂಚಿಹೋಯಿತು. ಐದು ವರ್ಷ ಹಿಂದಿನವರೆಗೂ ಶಿವಮೊಗ್ಗ ಜಿಲ್ಲೆಯಲ್ಲಿದ್ದ ಚನ್ನಗಿರಿ, ಹೊನ್ನಾಳಿಗಳು ಈ ಹಂಚಿಕೆಯಲ್ಲಿ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಯ ಪಾಲಿಗೆ ಬಂದವು. ನೆರೆಯ ಶಿವಮೊಗ್ಗ ಮಂಗಳೂರಿನ ಕಂಪನಿಗೆ ಸೇರಿತು. ಆಯೋಗದ ಮುಂದೆ ಪ್ರತಿ ವರ್ಷ ನಿಂತು, ಕೊಂಡ ವಿದ್ಯುತ್ತೆಷ್ಟು, ಮಾರಿದ್ದೆಷ್ಟು, ದಾರಿಯಲ್ಲಿ ಸೋರಿದ್ದೆಷ್ಟು ಎಂದು ಒಪ್ಪಿಸಬೇಕಾಗಿ ಬಂದಾಗ, ಕಂಪನಿಗಳಿಗೆ ಮೀಟರಿನ ಓದು ಗುಮಾಸ್ತಿಕೆಯ ಕೆಲಸವಾಗಿ ಉಳಿಯಲಿಲ್ಲ.

ಮೀಟರುಗಳೂ ಬದಲಾದವು. ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ 2006ರ ನಿಯಮಾವಳಿ ಹೊಸ ಮೀಟರುಗಳೆಲ್ಲ ತಿರುಗುವ ಭಾಗಗಳಿಲ್ಲದ ಎಲೆಕ್ಟ್ರಾನಿಕ್ ಮಾದರಿಯವೇ ಆಗಿರಬೇಕೆಂದು ವಿಧಿಸಿತು. ಅಲ್ಯೂಮಿನಿಯಂ ಬಿಲ್ಲೆಯ ಬದಲು, ಯೂನಿಟ್ಟಿಗೆ ಇಂತಿಷ್ಟು ಬಾರಿ ಮಿನುಗುವ ಕೆಂಪು ಚುಕ್ಕೆ ಮನೆಗಳ ಜಗುಲಿಗೆ ಬಂತು. ಬಿಲ್ಲು ಬರೆಯುವವರ ಕೈಗೆ, ರಸೀದಿ ಮುದ್ರಿಸುವ ಪ್ರಿಂಟರನ್ನೂ ಒಳಗೊಂಡ ಸ್ಪಾಟ್ ಬಿಲ್ಲಿಂಗ್ ಯಂತ್ರ ಬಂತು. ಬೆಳಿಗ್ಗೆ ಉಪವಿಭಾಗದ ಕಂಪ್ಯೂಟರಿನಿಂದ ಆ ದಿನದ ಬೀದಿಗಳ ಆರ್.ಆರ್. ನಂಬರು, ಹಿಂದಿನ ಓದು, ಬಾಕಿ, ದರಗಳನ್ನು ಯಂತ್ರಕ್ಕೆ ತುಂಬುವುದು, ಮನೆಯ ಮುಂದೆ ನಿಂತು ಇಂದಿನ ಅಂಕಿಯನ್ನು ಒತ್ತಿದ ಕೂಡಲೇ ಲೆಕ್ಕವಾಗಿ ಬಿಲ್ಲು ಹೊರಬರುವುದು, ಸಂಜೆ ಆ ಓದುಗಳನ್ನೆಲ್ಲ ಮರಳಿ ಕಚೇರಿಯ ಯಂತ್ರಕ್ಕೆ ಸುರಿಯುವುದು, ಇದು ಹೊಸ ದಿನಚರಿಯಾಯಿತು. ಹಳ್ಳಿಗಳಲ್ಲಿ ಈ ಕೆಲಸಕ್ಕೆ ಗ್ರಾಮ ವಿದ್ಯುತ್ ಪ್ರತಿನಿಧಿ ಎಂಬ ಹೆಸರಿನಲ್ಲಿ ಆಯಾ ಊರಿನ ಯುವಕರನ್ನೇ ನೇಮಿಸಿಕೊಂಡದ್ದು ಕರ್ನಾಟಕದ ವಿಶೇಷ ಪ್ರಯೋಗ. ಕಚೇರಿಯಿಂದ ಬರುವ ಅಪರಿಚಿತನ ಜಾಗದಲ್ಲಿ, ಯಾರ ಮನೆಯಲ್ಲಿ ಯಾವಾಗ ಬಾಗಿಲು ತೆರೆದಿರುತ್ತದೆಂದು ತಿಳಿದ, ಬಾಕಿಯನ್ನು ಕೇಳುವಾಗ ಅಣ್ಣ, ಅಕ್ಕ ಎಂದು ಕರೆದು ಕೇಳಬಲ್ಲ ಊರಿನವನು ಬಂದದ್ದರಿಂದ ಓದು ನಿಯಮಿತವಾಯಿತು, ವಸೂಲಿಯೂ ಸುಧಾರಿಸಿತು.

ಗ್ರಾಹಕನ ಕಣ್ಣೆದುರಿಗೇ ಲೆಕ್ಕವಾಗುವುದು ನಿಜವಾದ ಪ್ರಗತಿ. ಅಂಕಿ ತಪ್ಪಾಗಿದ್ದರೆ ಅಲ್ಲಿಯೇ ಹೇಳಬಹುದು. ಆದರೂ ಮನೆಯ ಮೀಟರಿನಿಂದ ಕೈಯಂತ್ರಕ್ಕೆ ಅಂಕಿ ಹೋದದ್ದು ಹೆಚ್ಚಾಗಿ ಹಳೆಯ ದಾರಿಯಲ್ಲಿಯೇ, ಕಣ್ಣಿನಿಂದ ಬೆರಳಿಗೆ. ಅವಗೆಂಪಿನ ಕಿಂಡಿಯಿದ್ದ ಮೀಟರುಗಳಲ್ಲಿಯೂ, ನೂರಾರು ಮನೆಗಳನ್ನು ಒಂದೇ ದಿನದಲ್ಲಿ ಮುಗಿಸಬೇಕಾದ ಕೆಲಸಗಾರನಿಗೆ ಬೆಳಕಿನ ತಲೆಯನ್ನು ಅಂಟಿಸಿ, ಸಂಪರ್ಕ ಕೂಡುವವರೆಗೆ ಕಾಯುವುದಕ್ಕಿಂತ ಐದಂಕಿಯನ್ನು ಒತ್ತುವುದೇ ಬೇಗ. ಕಾಣದ ಬೆಳಕು ಆದ್ದರಿಂದ ದೊಡ್ಡ ಗ್ರಾಹಕರ ಬಳಿಗೂ ಉಪಕೇಂದ್ರಗಳ ಮೀಟರುಗಳ ಬಳಿಗೂ ಹೋಯಿತು. ಒಂದು ತಪ್ಪು ಅಂಕಿ ಲಕ್ಷಗಳ ವ್ಯತ್ಯಾಸ ತರಬಲ್ಲ ಕಡೆ ಮನುಷ್ಯನ ಕಣ್ಣನ್ನು ನಡುವೆ ಬಿಡದಿರುವುದು ಕಂಪನಿಗೂ ಗಿರಣಿಯ ಮಾಲೀಕರಿಗೂ ಒಳ್ಳೆಯದಾಗಿತ್ತು. ಬಡವರ ಮನೆಯ ಅಂಕಿಗೆ ಅಷ್ಟೇ ಖಚಿತತೆ ಬೇಕಿತ್ತೇ ಎಂಬ ಪ್ರಶ್ನೆಗೆ, ಬೇಕಿತ್ತು ಎಂದೇ ಉತ್ತರಿಸಬೇಕು, ಏಕೆಂದರೆ ಕೂಲಿಯ ಮನೆಯೊಂದಕ್ಕೆ ಒಂದು ತಿಂಗಳ ತಪ್ಪು ಬಿಲ್ಲು ಗಿರಣಿಯ ಲಕ್ಷದಷ್ಟೇ ಭಾರ.

ಇನ್ನು ಪಂಪ್‌ಸೆಟ್ಟುಗಳು. ಮೊದಲು ಮೋಟರಿನ ಅಶ್ವಶಕ್ತಿಗೆ ಇಂತಿಷ್ಟು ಎಂಬ ಒಟ್ಟು ದರವಿತ್ತು, ತೊಂಬತ್ತರ ದಶಕದ ಆರಂಭದಲ್ಲಿ ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಬಂತು; ಹಣ ಕೇಳದ ಕಡೆ ಅಳೆಯುವ ಅಗತ್ಯ ಯಾರಿಗೂ ಕಾಣಲಿಲ್ಲ. ಚನ್ನಗಿರಿಯಲ್ಲಿ ಅಡಿಕೆಯ ಬೆಲೆ ಏರಿದಂತೆ ಒಣಭೂಮಿಯೂ ತೋಟವಾಗಿ ಬೋರುಗಳು ಆಳಕ್ಕೆ ಇಳಿದವು, ಜಗಳೂರಿನಲ್ಲಿ ಬರ ಬಂದಂತೆಲ್ಲ ಅದೇ ಆಯಿತು, ಮತ್ತು ಆಳ ಹೆಚ್ಚಾದಷ್ಟೂ ಅದೇ ನೀರಿಗೆ ಹೆಚ್ಚು ವಿದ್ಯುತ್ ಬೇಕಾಯಿತು. 2003ರ ಜೂನ್ 10ರಂದು ಜಾರಿಗೆ ಬಂದ ಕೇಂದ್ರದ ವಿದ್ಯುತ್ ಕಾಯ್ದೆಯ 55ನೆಯ ಕಲಂ, ಎರಡು ವರ್ಷಗಳಾದ ಮೇಲೆ ಸರಿಯಾದ ಮೀಟರಿಲ್ಲದೆ ಯಾರಿಗೂ ವಿದ್ಯುತ್ ಪೂರೈಸಬಾರದೆಂದು ಹೇಳಿದರೂ, ಪಂಪ್‌ಸೆಟ್ಟಿಗೆ ಮೀಟರು ಕೂರಿಸುವುದೆಂದರೆ ನಾಳೆ ಬಿಲ್ಲು ಬರುವುದರ ಮುನ್ಸೂಚನೆ ಎಂದೇ ರೈತರು ತಿಳಿದರು. ಆ ಶಂಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ; ಬೆಳೆಯ ಬೆಲೆ ತನ್ನ ಕೈಯಲ್ಲಿಲ್ಲದ, ತ್ರೀಫೇಸ್ ಕರೆಂಟು ಬರುವ ಹೊತ್ತೂ ತನ್ನ ಕೈಯಲ್ಲಿಲ್ಲದೆ ನಡುರಾತ್ರಿ ತೋಟಕ್ಕೆ ಹೋಗಬೇಕಾದ, ಟಿಸಿ, ಅಂದರೆ ಹೊಲದ ಕಂಬದ ಮೇಲಿನ ವಿತರಣಾ ಪರಿವರ್ತಕ, ಸುಟ್ಟರೆ ಬದಲಿಗಾಗಿ ದಿನಗಟ್ಟಲೆ ಕಾಯಬೇಕಾದ ರೈತನಿಗೆ ಅಳತೆಯ ಯಂತ್ರ ಮಾತ್ರ ಸಮಯಕ್ಕೆ ಸರಿಯಾಗಿ ಬಂದರೆ ಅದರ ಮೇಲೆ ವಿಶ್ವಾಸ ಹುಟ್ಟುವುದು ಕಷ್ಟ.

ಹಾಗಾಗಿ ಕಂಪನಿಗಳು ಅಂದಾಜಿನ ದಾರಿ ಹಿಡಿದವು. ಮೊದಲು ಆಯ್ದ ಕೆಲವು ಟಿಸಿಗಳಿಗೆ ಮೀಟರು ಹಾಕಿ, ಅಲ್ಲಿಯ ಬಳಕೆಯನ್ನು ಅದರ ಕೆಳಗಿನ ಪಂಪ್‌ಸೆಟ್ಟುಗಳ ಸಂಖ್ಯೆಯಿಂದ ಭಾಗಿಸಿ, ಬಂದ ಸರಾಸರಿಯನ್ನು ಉಳಿದವುಗಳಿಗೆಲ್ಲ ಅನ್ವಯಿಸಲಾಯಿತು. ಮುಂದೆ ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳಿಗೂ ಪಂಪ್‌ಸೆಟ್ಟುಗಳಿಗೂ ಬೇರೆ ಬೇರೆ ಫೀಡರುಗಳನ್ನು, ಅಂದರೆ ಉಪಕೇಂದ್ರದಿಂದ ಹೊರಡುವ ಬೇರೆ ಬೇರೆ ಮಾರ್ಗಗಳನ್ನು ಎಳೆದ ಮೇಲೆ, ಉಪಕೇಂದ್ರದಲ್ಲಿಯೇ ಆ ಫೀಡರಿನ ಒಟ್ಟು ಹರಿವನ್ನು ಓದಿ, ದಾರಿಯ ನಷ್ಟವನ್ನು ಕಳೆದು, ಉಳಿದದ್ದನ್ನು ಪಂಪ್‌ಸೆಟ್ಟುಗಳ ಬಳಕೆ ಎನ್ನುವ ಕ್ರಮ ಬಂತು. ಫೀಡರಿನ ಮೀಟರು ಅತ್ಯಂತ ನಿಖರವಾದದ್ದು, ಅದರ ದಾಖಲೆ ಬೆಳಕಿನ ಕಿಂಡಿಯಿಂದಲೂ ಹೊರಬರಬಲ್ಲದು. ಆದರೆ ಆ ನಿಖರತೆ ಸಾವಿರ ರೈತರನ್ನು ಒಟ್ಟುಗೂಡಿಸಿದ ಒಂದು ಸಂಖ್ಯೆಗೆ ಸೇರಿದ್ದೇ ಹೊರತು ಯಾವ ಒಬ್ಬ ರೈತನಿಗೂ ಅಲ್ಲ. ಅರ್ಧ ಎಕರೆಗೆ ವಾರಕ್ಕೊಮ್ಮೆ ನೀರು ಹಾಯಿಸುವ ಜಗಳೂರಿನ ಹಿಡುವಳಿದಾರನೂ ಹತ್ತು ಎಕರೆ ತೋಟಕ್ಕೆ ಹಗಲಿರುಳು ನೀರೆತ್ತುವವನೂ ಲೆಕ್ಕದ ಪುಸ್ತಕದಲ್ಲಿ ಒಂದೇ ಸರಾಸರಿಯೊಳಗೆ ಸೇರಿಹೋಗುತ್ತಾರೆ, ಮತ್ತು ಸರ್ಕಾರದ ಸಹಾಯಧನದಲ್ಲಿ ಯಾರ ಪಾಲು ಎಷ್ಟೆಂಬುದು ಎಲ್ಲಿಯೂ ಬರೆದಿಡಲ್ಪಡುವುದಿಲ್ಲ. ಅಳತೆಯಾಗದಿರುವುದರಿಂದ ಸಣ್ಣ ರೈತನಿಗೆ ಆಗಿರುವ ನಷ್ಟ ಇದು, ಇದರ ಬಗ್ಗೆ ಆಡಬೇಕಾದಷ್ಟು ಮಾತು ಇನ್ನೂ ಆಡಲಾಗಿಲ್ಲ.

ಮನೆಯ ಮೀಟರಿನ ಹಳೆಯ ಓದುಗಳಿಗೆ 2023ರಲ್ಲಿ ಹೊಸ ಬೆಲೆ ಬಂತು. ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ಉಚಿತ ವಿದ್ಯುತ್ ಕೊಡುವಾಗ, ಪ್ರತಿ ಮನೆಯ ಪಾಲನ್ನು 2022-23ನೆಯ ಸಾಲಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇಕಡ 10 ಎಂದು ಗೊತ್ತುಮಾಡಲಾಯಿತು. ಆ ಹನ್ನೆರಡು ತಿಂಗಳುಗಳಲ್ಲಿ ಬಿಲ್ಲು ಬರೆಯುವವರು ಕೈಯಂತ್ರದಲ್ಲಿ ಒತ್ತಿದ ಅಂಕಿಗಳು ಹೀಗೆ ಕುಟುಂಬವೊಂದರ ಹಕ್ಕಿನ ಅಳತೆಯಾದವು; ಬಾಗಿಲು ಹಾಕಿತ್ತೆಂದು ಸರಾಸರಿ ಬರೆದ ತಿಂಗಳೂ, ಕೆಟ್ಟ ಮೀಟರಿನ ತಿಂಗಳೂ ಅದರೊಳಗೆ ಸೇರಿಕೊಂಡವು. ಅರ್ಜಿ ಹಾಕಲು ಆಧಾರ್ ಸಂಖ್ಯೆಯೊಂದಿಗೆ ಸಂಪರ್ಕದ ಸಂಖ್ಯೆ ಬೇಕಾದ್ದರಿಂದ, ತಾತನ ಹೆಸರಿನಲ್ಲಿ ಉಳಿದಿದ್ದ ಹಳೆಯ ಬಿಲ್ಲುಗಳನ್ನು ಜನ ಹುಡುಕಿ ತೆಗೆದರು. ಪಂಪ್‌ಸೆಟ್ಟುಗಳ ಆರ್.ಆರ್. ನಂಬರಿಗೂ ಆಧಾರನ್ನು ಜೋಡಿಸಬೇಕೆಂದು ನಿಯಂತ್ರಣ ಆಯೋಗ ಕಂಪನಿಗಳಿಗೆ ಸೂಚಿಸಿದಾಗ ರೈತ ಸಂಘಟನೆಗಳು ಅದನ್ನು ವಿರೋಧಿಸಿದ್ದಕ್ಕೆ ಹಿನ್ನೆಲೆಯಾಗಿರುವುದು ಮೀಟರಿನ ಬಗೆಗಿನ ಅದೇ ಮೂವತ್ತು ವರ್ಷಗಳ ಶಂಕೆ.

ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ 2025ರ ಫೆಬ್ರುವರಿಯಿಂದ ನಗರ ಪ್ರದೇಶದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರನ್ನು ಕಡ್ಡಾಯಗೊಳಿಸಿದೆ. ಈ ಮೀಟರು ತನ್ನ ಓದನ್ನು ರೇಡಿಯೋ ಅಲೆಯಲ್ಲಿಯೋ ಮೊಬೈಲ್ ಜಾಲದಲ್ಲಿಯೋ ತಾನೇ ಕಳುಹಿಸುವುದರಿಂದ, ಬಿಲ್ಲು ಬರೆಯುವವರ ತಿಂಗಳ ಸುತ್ತು ಇಲ್ಲದೆಯೂ ಲೆಕ್ಕ ಸಾಗುತ್ತದೆ. ಆದರೂ ಸ್ಮಾರ್ಟ್ ಮೀಟರಿನ ಮುಖದ ಮೇಲೆ ಅವಗೆಂಪಿನ ದುಂಡು ಕಿಂಡಿಯನ್ನು ಉಳಿಸಿಕೊಳ್ಳಲಾಗಿದೆ: ಜಾಲ ಸಿಗದ ಕಡೆ, ಅಥವಾ ದೂರದಿಂದ ಬಂದ ಅಂಕಿಯ ಬಗ್ಗೆ ತಕರಾರು ಎದ್ದಾಗ, ಸ್ಥಳಕ್ಕೆ ಹೋಗಿ ಮೀಟರಿನೊಳಗಿನ ಮೂಲ ದಾಖಲೆಯನ್ನು ತೆಗೆಯಲು ಇರುವ ದಾರಿ ಅದೇ. ಮನೆಯ ಮೀಟರಿನ ಈ ಕಿಂಡಿಯಿಂದ ದಾಖಲೆಯನ್ನು ಇಳಿಸಿ ತೋರಿಸಿರೆಂದು ಕೇಳುವ ಅವಕಾಶ ತಮಗೂ ಇದೆಯೆಂಬುದನ್ನು ನ್ಯಾಮತಿಯ ಅಥವಾ ಜಗಳೂರಿನ ಗ್ರಾಹಕರಿಗೆ ಕಂಪನಿಯ ಉಪವಿಭಾಗಗಳು ಕನ್ನಡದಲ್ಲಿ, ಬಿಲ್ಲಿನ ಹಿಂಬದಿಯಲ್ಲಿಯೇ ಮುದ್ರಿಸಿ ತಿಳಿಸುವುದು ಆಗಬೇಕಾದ ಕೆಲಸ.